ಬಯೋಗ್ಯಾಸ್ ಸ್ಥಾವರಗಳಿಗೆ ಮಂಜೂರಾತಿ ನೀಡುವವರಿಗೆ ಬಹಿರಂಗ ಪತ್ರ: ‘ಶೇಕಡಾ ಇಷ್ಟು ಹೆಚ್ಚಳ’ ಎಂಬ ಸಾಲನ್ನಷ್ಟೇ ಓದಬೇಡಿ

ಮಾನ್ಯರೇ,

ಈ ಪತ್ರ ಬಯೋಗ್ಯಾಸ್ ಸ್ಥಾವರಗಳಿಗೆ ಅನುಮತಿ, ಸಾಲ, ಅನುದಾನ ಕೊಡುವ ಅಧಿಕಾರಿಗಳಿಗೆ ಮತ್ತು ಟೆಂಡರ್ ಷರತ್ತು ಬರೆಯುವ ಎಂಜಿನಿಯರ್‌ಗಳಿಗೆ. ಸ್ಥಾವರದಿಂದ ಹೊರಬರುವ ಬಗ್ಗಡವನ್ನು ಹೊಲಕ್ಕೆ ಹಾಕಿಕೊಳ್ಳುವ ರೈತರೂ ಇದನ್ನು ಓದಬೇಕೆಂಬುದು ನಮ್ಮ ಆಸೆ.

ಭತ್ತದ ಹುಲ್ಲು, ಗೋಧಿ ಹುಲ್ಲು, ಮೆಕ್ಕೆಜೋಳದ ದಂಟು, ಕಬ್ಬಿನ ರವದಿಯಿಂದ ಅನಿಲ ತೆಗೆಯುವ ಪ್ರಸ್ತಾವಗಳಲ್ಲಿ ಸಾಮಾನ್ಯವಾಗಿ ಒಂದು ಪೂರ್ವ ಸಂಸ್ಕರಣಾ ಘಟಕ ಇರುತ್ತದೆ. ಹುಲ್ಲನ್ನು ಪುಡಿ ಮಾಡುವುದೋ, ಕ್ಷಾರದಲ್ಲಿ ನೆನೆಸುವುದೋ, ಹಬೆಯಲ್ಲಿ ಬೇಯಿಸುವುದೋ, ಅದರ ಮೇಲೆ ಶಿಲೀಂಧ್ರ ಬೆಳೆಸುವುದೋ, ವಿಧಾನ ಯಾವುದೇ ಇರಲಿ, ಸಮರ್ಥನೆಗೆ ಕೊಡುವುದು ಮಾತ್ರ ಒಂದೇ ಸಾಲು: ‘ಅನಿಲ ಇಳುವರಿ ಶೇ. ಇಷ್ಟು ಹೆಚ್ಚುತ್ತದೆ.’ ಆ ಸಾಲನ್ನು ನಂಬಿ ಮಂಜೂರಾತಿ ಕೊಡಬೇಡಿ ಎಂದು ಕೇಳಿಕೊಳ್ಳುತ್ತಿದ್ದೇವೆ. ಪೂರ್ವ ಸಂಸ್ಕರಣೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ನಾರಿನ ಕಚ್ಚಾವಸ್ತು ಹಾಕುವ ಸ್ಥಾವರಕ್ಕೆ ಯಾವುದಾದರೊಂದು ರೂಪದಲ್ಲಿ ಅದು ಬೇಕೇ ಬೇಕು. ಆದರೆ ಯಾವ ವಿಧಾನ, ಎಷ್ಟು ತೀವ್ರವಾಗಿ, ಯಾವ ಹಂತದಲ್ಲಿ ಎಂಬುದು ಆ ಶೇಕಡಾವಾರು ಅಂಕಿಯಿಂದ ತಿಳಿಯುವುದಿಲ್ಲ. ಎಷ್ಟೋ ಸಲ ಅದೇ ಅಂಕಿ ತಿಳಿಯಬೇಕಾದ್ದನ್ನು ಮರೆಮಾಚುತ್ತದೆ.

ಮೊದಲು ಹುಲ್ಲಿನೊಳಗೆ ಏನಿದೆ ನೋಡೋಣ. ಒಣತೂಕದಲ್ಲಿ ಸೆಲ್ಯುಲೋಸ್ ಸುಮಾರು ಶೇ. 35ರಿಂದ 40, ಹೆಮಿಸೆಲ್ಯುಲೋಸ್ ಶೇ. 20ರಿಂದ 30, ಲಿಗ್ನಿನ್ ಶೇ. 10ರಿಂದ 20. ಉಳಿದದ್ದು ಬೂದಿ, ಮೇಣ, ಅಲ್ಪಸ್ವಲ್ಪ ಪ್ರೋಟೀನ್. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೂದಿಯೇ ಶೇ. 10 ದಾಟುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್‌ಗಳಲ್ಲಿರುವ ಸಕ್ಕರೆ. ಆಮ್ಲಜನಕವಿಲ್ಲದ ಟ್ಯಾಂಕಿನಲ್ಲಿ ಲಿಗ್ನಿನ್ ಹೆಚ್ಚುಕಡಿಮೆ ಕೊಳೆಯುವುದೇ ಇಲ್ಲ. ಅದು ನಾರುಗಳ ನಡುವೆ ಗಟ್ಟಿಯಾಗಿ ಕೂತು ಕಿಣ್ವಗಳಿಗೆ ದಾರಿ ಕೊಡುವುದಿಲ್ಲ. ಸಗಣಿಯಂತಹ ಕಚ್ಚಾವಸ್ತುವಿಗೆ ಒಗ್ಗಿದ ಟ್ಯಾಂಕಿಗೆ ಹುಲ್ಲು ಹಾಕಿದಾಗ ಕೆಲಸ ನಿಧಾನವಾಗುವುದು ಈ ಮೊದಲ ಹಂತದಲ್ಲಿ, ಅಂದರೆ ನಾರು ಒಡೆದು ಸಕ್ಕರೆಯಾಗುವಲ್ಲಿ. ಪೂರ್ವ ಸಂಸ್ಕರಣೆಯ ಕೆಲಸ ಆ ದಾರಿಯನ್ನು ತೆರೆಯುವುದಷ್ಟೇ. ಇಲ್ಲದ ಸಕ್ಕರೆಯನ್ನು ಅದು ಹುಟ್ಟಿಸಲಾರದು.

ಇಷ್ಟು ತಿಳಿದರೆ ಅತಿಯಾದ ಹೇಳಿಕೆಗಳನ್ನು ಕಾಗದದ ಮೇಲೆಯೇ ಹಿಡಿಯಬಹುದು. ಶುದ್ಧ ಸೆಲ್ಯುಲೋಸ್ ಪೂರ್ತಿ ಕೊಳೆತರೆ ಪ್ರತಿ ಕಿಲೋಗೆ ಸಿಗುವ ಮೀಥೇನ್ ಸುಮಾರು 415 ಲೀಟರ್. ಹುಲ್ಲಿನ ಒಣತೂಕದ ಶೇ. 65 ಭಾಗ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್, ಶೇ. 10 ಬೂದಿ ಎಂದಿಟ್ಟುಕೊಳ್ಳಿ. ಆಗ ಪ್ರತಿ ಕಿಲೋ ಸಾವಯವ ಘನಾಂಶಕ್ಕೆ (ಒಣತೂಕದಲ್ಲಿ ಬೂದಿ ಕಳೆದು ಉಳಿದ ಭಾಗ) ನಾರಿನಿಂದ ಸಿಗಬಹುದಾದ ಗರಿಷ್ಠ ಮೀಥೇನ್ 300 ಲೀಟರ್. ಪ್ರೋಟೀನ್, ಪೆಕ್ಟಿನ್ ಸೇರಿಸಿದರೆ ಇನ್ನು ಸ್ವಲ್ಪ. ಏನೂ ಸಂಸ್ಕರಿಸದ ಹುಲ್ಲೇ ಸರಿಯಾಗಿ ಮಾಡಿದ ಪ್ರಯೋಗಾಲಯದ ಬಾಟಲಿ ಪರೀಕ್ಷೆಯಲ್ಲಿ 200ರಿಂದ 250 ಲೀಟರ್ ಕೊಡುತ್ತದೆ. 220ರಿಂದ ಹೊರಟರೆ ಮೇಲೇರಲು ಇರುವ ಜಾಗ ಹೆಚ್ಚೆಂದರೆ ಶೇ. 35–40. ಇಂಥ ಹುಲ್ಲಿಗೆ ಶೇ. 80 ಹೆಚ್ಚಳ ಎಂದು ಬರೆದಿದ್ದರೆ ಸಂಸ್ಕರಿಸದ ಹುಲ್ಲಿನ ಪರೀಕ್ಷೆ ಕೆಟ್ಟಿತ್ತು, ಇಲ್ಲವೇ ಅದನ್ನು ಅರ್ಧಕ್ಕೆ ನಿಲ್ಲಿಸಿದ್ದರು ಎಂದೇ ಅರ್ಥ.

ಅರ್ಧಕ್ಕೆ ನಿಲ್ಲಿಸುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೂರ್ವ ಸಂಸ್ಕರಣೆಯಿಂದ ಎರಡು ಬೇರೆ ಬೇರೆ ಲಾಭಗಳಿವೆ. ಒಂದು, ಕೊಳೆಯುವ ವೇಗ ಹೆಚ್ಚುವುದು. ಇನ್ನೊಂದು, ಕೊಳೆಯಬಲ್ಲ ಒಟ್ಟು ಪಾಲು ಹೆಚ್ಚುವುದು. ಪುಡಿ ಮಾಡುವುದರಿಂದ ಬಹುತೇಕ ಸಿಗುವುದು ಮೊದಲನೆಯದು. ಕ್ಷಾರ ಮತ್ತು ಹಬೆಯಿಂದ ಎರಡೂ ಸಿಗುತ್ತವೆ. 20 ದಿನಕ್ಕೆ ಪರೀಕ್ಷೆ ನಿಲ್ಲಿಸಿದರೆ ವೇಗದ ಲಾಭವೇ ಒಟ್ಟು ಇಳುವರಿಯ ಲಾಭದಂತೆ ಕಾಣುತ್ತದೆ. ಆದರೆ ಸ್ಥಾವರಕ್ಕೆ ಆ ವೇಗದಿಂದ ಉಪಯೋಗ ಎಷ್ಟು ಎನ್ನುವುದು ಟ್ಯಾಂಕಿನಲ್ಲಿ ಕಚ್ಚಾವಸ್ತು ಎಷ್ಟು ದಿನ ಉಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಚೆನ್ನಾಗಿ ಕಲಕುವ ಒಂದೇ ಟ್ಯಾಂಕು, ಕೊಳೆಯುವ ವೇಗಾಂಕ ದಿನಕ್ಕೆ 0.05 (ಕೊಳೆಯಲು ಉಳಿದಿರುವುದರಲ್ಲಿ ದಿನಕ್ಕೆ ಸುಮಾರು ಶೇ. 5 ಕೊಳೆಯುತ್ತದೆ) ಎಂದುಕೊಂಡರೆ, 30 ದಿನಗಳ ವಾಸದಲ್ಲಿ ಕೊಳೆಯಬಲ್ಲ ಭಾಗದ ಶೇ. 60 ಅನಿಲವಾಗುತ್ತದೆ. ವೇಗಾಂಕವನ್ನು ಇಮ್ಮಡಿ ಮಾಡಿದರೆ ಅದು ಶೇ. 75. ಏನೂ ಸಂಸ್ಕರಿಸದೆ ಟ್ಯಾಂಕನ್ನೇ ದೊಡ್ಡದು ಮಾಡಿ 60 ದಿನ ಇಟ್ಟರೂ ಅದೇ ಶೇ. 75 ಬರುತ್ತದೆ. ಈಗಾಗಲೇ 90 ದಿನ ಇಟ್ಟುಕೊಳ್ಳುವ ಸ್ಥಾವರದಲ್ಲಿ ಶೇ. 82 ಇದ್ದದ್ದು ಶೇ. 90 ಆಗುತ್ತದೆ, ಅಷ್ಟೇ. ಅಂದರೆ ಒಂದೇ ಯಂತ್ರ ಒಂದು ಸ್ಥಾವರಕ್ಕೆ ವರವಾಗಿ, ಇನ್ನೊಂದಕ್ಕೆ ಬರೀ ವಿದ್ಯುತ್ ಖರ್ಚಾಗಬಹುದು. ಆದ್ದರಿಂದ ಅರ್ಜಿದಾರರಿಂದ ಅಂತಿಮ ಅಂಕಿಯನ್ನಷ್ಟೇ ಪಡೆಯಬೇಡಿ. ದಿನದಿಂದ ದಿನಕ್ಕೆ ಅನಿಲ ಬಂದ ಪೂರ್ತಿ ರೇಖೆಯನ್ನು ತರಿಸಿಕೊಳ್ಳಿ. ಒಂದು ದಿನದ ಮೀಥೇನ್ ಅದುವರೆಗಿನ ಒಟ್ಟು ಮೀಥೇನಿನ ಶೇ. 1ಕ್ಕಿಂತ ಕೆಳಗಿಳಿದು, ಸತತ ಮೂರು ದಿನ ಹಾಗೇ ಉಳಿಯುವವರೆಗಾದರೂ ಪರೀಕ್ಷೆ ನಡೆದಿರಬೇಕು.

ಅಳತೆಯಲ್ಲಿ ಆಗುವ ಇನ್ನೂ ಮೂರು ತಪ್ಪುಗಳನ್ನು ಹೇಳಬೇಕು. ಇವು ಬೇಕೆಂದೇ ಆಗುತ್ತವೆ ಎಂದು ನಾವು ಹೇಳುವುದಿಲ್ಲ, ಆದರೆ ಮೂರೂ ಅಂಕಿಯನ್ನು ಉಬ್ಬಿಸುವ ದಿಕ್ಕಿಗೇ ಎಳೆಯುತ್ತವೆ.

ಮೊದಲನೆಯದು ಅನಿಲದ ಪರಿಮಾಣ. 35 ಡಿಗ್ರಿಯಲ್ಲಿ ನೀರಿನ ಆವಿ ತುಂಬಿದ 1,000 ಲೀಟರ್ ಅನಿಲವನ್ನು ಸೊನ್ನೆ ಡಿಗ್ರಿ, ಒಂದು ವಾಯುಭಾರ, ಒಣ ಅನಿಲ ಎಂಬ ಪ್ರಮಾಣ ಸ್ಥಿತಿಗೆ ತಂದರೆ ಉಳಿಯುವುದು ಸುಮಾರು 837 ಲೀಟರ್. ಒಂದು ಅಂಕಿಯನ್ನು ಹೀಗೆ ಸರಿಪಡಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದರೆ ಏನೂ ಮಾಡದೆಯೇ ಶೇ. 19 ಹೆಚ್ಚಳ ಸಿಕ್ಕಂತಾಗುತ್ತದೆ. ಕಡತಗಳಲ್ಲಿ ಕಾಣುವ ಎಷ್ಟೋ ಹೆಚ್ಚಳಗಳು ಇಷ್ಟರೊಳಗೇ ಇರುತ್ತವೆ ಎಂಬುದನ್ನು ಗಮನಿಸಿ.

ಎರಡನೆಯದು ಭಾಗಿಸುವ ತೂಕ. ಘನಾಂಶ ಅಳೆಯಲು ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಸೈಲೇಜ್ ಮಾಡಿದ (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ) ಅಥವಾ ಹುಳಿಬಂದ ಮಾದರಿಯಲ್ಲಿರುವ ಅಸಿಟಿಕ್ ಆಮ್ಲ, ಆಲ್ಕೋಹಾಲ್‌ಗಳು ನೀರಿನೊಂದಿಗೆ ಹಾರಿಹೋಗುತ್ತವೆ. ಆದರೆ ಪರೀಕ್ಷೆಯ ಬಾಟಲಿಯಲ್ಲಿ ಅವೇ ಅನಿಲ ಕೊಡುತ್ತವೆ. ಹಾರಿಹೋದದ್ದು ಸಾವಯವ ಘನಾಂಶದ ಶೇ. 10 ಇದ್ದರೆ ಇಳುವರಿ ಶೇ. 11 ಉಬ್ಬಿ ಕಾಣುತ್ತದೆ.

ಮೂರನೆಯದೇ ದೊಡ್ಡದು. ಸಂಸ್ಕರಣೆಯ ವೇಳೆ ಕಳೆದುಹೋದ ಪದಾರ್ಥ ಲೆಕ್ಕಕ್ಕೇ ಬರುವುದಿಲ್ಲ. ಲಿಗ್ನಿನ್ ಕೊಳೆಸಬಲ್ಲ ಬಿಳಿಕೊಳೆ ಶಿಲೀಂಧ್ರ ಬೆಳೆಸಿದ ಹುಲ್ಲು ಪ್ರತಿ ಕಿಲೋಗೆ 220ರ ಬದಲು 250 ಲೀಟರ್ ಕೊಟ್ಟಿತು ಎಂದುಕೊಳ್ಳಿ. ಆದರೆ ಆ ವಾರಗಳಲ್ಲಿ ಶಿಲೀಂಧ್ರ ತನ್ನ ಉಸಿರಾಟಕ್ಕೆ ಶೇ. 15ರಷ್ಟು ಸಾವಯವ ಪದಾರ್ಥವನ್ನು ತಿಂದಿದ್ದರೆ, ಮೂಲ ಹುಲ್ಲಿನ ಲೆಕ್ಕದಲ್ಲಿ ಸಿಕ್ಕಿದ್ದು 212 ಲೀಟರ್. ಹೆಚ್ಚಳವಲ್ಲ, ನಷ್ಟ. ಕ್ಷಾರದ ನಂತರ ಹುಲ್ಲನ್ನು ನೀರಿನಲ್ಲಿ ತೊಳೆಯುವ ವಿಧಾನಗಳಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಕರಗಿದ ಹೆಮಿಸೆಲ್ಯುಲೋಸ್ ಎಲ್ಲ ಚರಂಡಿ ಸೇರುತ್ತದೆ. ಹಾಗಾಗಿ ಇಳುವರಿಯನ್ನು ಯಾವಾಗಲೂ ಗೇಟಿನೊಳಗೆ ಬಂದ ಹುಲ್ಲಿನ ಟನ್ನಿಗೆ ಎಷ್ಟು ಎಂದೇ ಕೇಳಿ.

ಪರೀಕ್ಷೆ ನಂಬಲರ್ಹವೇ ಎಂದು ತಿಳಿಯಲು ಸುಲಭದ ಒಂದು ಗುರುತಿದೆ. ಅದೇ ತಂಡ, ಅದೇ ಬೀಜದ್ರವದಲ್ಲಿ (ಪರೀಕ್ಷೆಗೆ ಸೂಕ್ಷ್ಮಜೀವಿಗಳನ್ನು ಒದಗಿಸಲು ಬಾಟಲಿಗೆ ಹಾಕುವ, ನಡೆಯುತ್ತಿರುವ ಟ್ಯಾಂಕಿನ ದ್ರವ) ಶುದ್ಧ ಸೆಲ್ಯುಲೋಸನ್ನೂ ಪರೀಕ್ಷಿಸಿರಬೇಕು. ಅದು 350 ಲೀಟರಿಗಿಂತ ಕಡಿಮೆ ಕೊಟ್ಟಿದ್ದರೆ ಬೀಜದ್ರವವೇ ದುರ್ಬಲ. ಉಳಿದ ಅಂಕಿಗಳನ್ನು ಬದಿಗಿಡಿ. ಬೀಜದ್ರವದ ಸಾವಯವ ಘನಾಂಶ ಹುಲ್ಲಿನದರ ಎರಡು ಪಟ್ಟಾದರೂ ಇರಬೇಕು, ಬೀಜದ್ರವ ತಾನಾಗಿಯೇ ಕೊಡುವ ಅನಿಲವನ್ನು ಬೇರೆ ಬಾಟಲಿಯಲ್ಲಿ ಅಳೆದು ಕಳೆದಿರಬೇಕು, ಪ್ರತಿಯೊಂದಕ್ಕೂ ಮೂರು ಬಾಟಲಿ ಇಟ್ಟಿರಬೇಕು.

ಇನ್ನು ಶಕ್ತಿಯ ಲೆಕ್ಕ. ಒಂದು ಟನ್ ಒಣಹುಲ್ಲಿನಲ್ಲಿ ಶೇ. 88 ಘನಾಂಶ, ಅದರಲ್ಲಿ ಶೇ. 90 ಸಾವಯವ ಎಂದರೆ 792 ಕಿಲೋ ಆಯಿತು. ಕಿಲೋಗೆ 220 ಲೀಟರಿನಂತೆ 174 ಘನ ಮೀಟರ್ ಮೀಥೇನ್. ಸಂಸ್ಕರಣೆಯಿಂದ ನಿಜವಾಗಿಯೂ ಶೇ. 20 ಹೆಚ್ಚಿದರೆ ಸಿಗುವ ಹೆಚ್ಚುವರಿ 35 ಘನ ಮೀಟರ್, ಅಂದರೆ ಸುಮಾರು 350 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ. ಶೇ. 38 ದಕ್ಷತೆಯ ಎಂಜಿನ್‌ನಲ್ಲಿ ಉರಿಸಿದರೆ 133 ಯೂನಿಟ್ ವಿದ್ಯುತ್. ಪೂರ್ವ ಸಂಸ್ಕರಣೆಯ ಎಲ್ಲ ಖರ್ಚೂ ಈ 350 ಅಥವಾ 133ರೊಳಗೇ ಮುಗಿಯಬೇಕು.

ತಿರುಗುವ ಸುತ್ತಿಗೆಗಳಿಂದ ಪುಡಿ ಮಾಡುವ ಹ್ಯಾಮರ್ ಮಿಲ್‌ನಲ್ಲಿ ಹುಲ್ಲನ್ನು ಒಂದೂವರೆ, ಎರಡು ಮಿಲಿಮೀಟರಿಗೆ ಇಳಿಸಲು ಟನ್ನಿಗೆ 40 ಯೂನಿಟ್ ಆಸುಪಾಸು ವಿದ್ಯುತ್ ಬೇಕು. ಗಟ್ಟಿ ಮರಕ್ಕೆ ಅದರ ಮೂರು ಪಟ್ಟು. ಹುಲ್ಲಿನ ಮಟ್ಟಿಗೆ ಹೆಚ್ಚುವರಿ ವಿದ್ಯುತ್ತಿನ ಮೂರನೇ ಒಂದು ಭಾಗ ಅಲ್ಲೇ ಹೋಯಿತು, ಮರದ ಮಟ್ಟಿಗೆ ಬಹುತೇಕ ಎಲ್ಲವೂ. ಬಿಸಿ ಮಾಡುವ ವಿಧಾನಗಳಲ್ಲಿ ಹುಲ್ಲಿಗಿಂತ ನೀರೇ ಹೆಚ್ಚು ಶಾಖ ಕುಡಿಯುತ್ತದೆ. ಒಂದು ಟನ್ ಹುಲ್ಲಿಗೆ 4 ಟನ್ ನೀರು ಬೆರೆಸಿ 20ರಿಂದ 170 ಡಿಗ್ರಿಗೆ ಏರಿಸಲು ಸುಮಾರು 760 ಯೂನಿಟ್ ಬೇಕು; ಹುಲ್ಲಿನ ಪಾಲು ಅದರಲ್ಲಿ 60 ಮಾತ್ರ. 350 ಗಳಿಸಲು 760 ಖರ್ಚು. ನೀರನ್ನು ಒಂದು ಟನ್ನಿಗೆ ಇಳಿಸಿದರೆ ಖರ್ಚು 240ರ ಹತ್ತಿರಕ್ಕೆ ಬರುತ್ತದೆ, ಆಗ ಲೆಕ್ಕ ಕೂಡಿಬರುವ ಸಾಧ್ಯತೆ ಇದೆ. ‘ಎಂಜಿನ್ನಿನ ವ್ಯರ್ಥ ಶಾಖ ಬಳಸುತ್ತೇವೆ’ ಎಂದು ಬರೆದಿದ್ದರೆ ಯಾವ ಶಾಖ ಎಂದು ಕೇಳಿ. ಎಂಜಿನ್ ತಂಪುಮಾಡುವ ನೀರು 80–90 ಡಿಗ್ರಿ ದಾಟುವುದಿಲ್ಲ. ಅದರಿಂದ ಹಬೆ ಬಾರದು. ಹಬೆ ಬೇಕಾದರೆ ಹೊಗೆಕೊಳವೆಯ ಶಾಖಕ್ಕೇ ಬಾಯ್ಲರ್ ಜೋಡಿಸಬೇಕು, ಅಲ್ಲಿ ಸಿಗುವುದು ವ್ಯರ್ಥ ಶಾಖದ ಒಂದು ಭಾಗ ಮಾತ್ರ.

ಹಬೆಸ್ಫೋಟ ವಿಧಾನ (ಒತ್ತಡದ ಹಬೆಯಲ್ಲಿ ಬೇಯಿಸಿ, ಒತ್ತಡವನ್ನು ಥಟ್ಟನೆ ಇಳಿಸಿ ನಾರು ಸಿಡಿಸುವುದು) 160ರಿಂದ 220 ಡಿಗ್ರಿಯಲ್ಲಿ ನಡೆಯುತ್ತದೆ. 180 ಡಿಗ್ರಿಗೆ ಸುಮಾರು 10 ಬಾರ್, 200ಕ್ಕೆ ಹದಿನೈದೂವರೆ ಬಾರ್ ಒತ್ತಡ. ಇಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಅವಧಿ ಇಮ್ಮಡಿಯಾದಷ್ಟೇ ಪರಿಣಾಮ. ಅತಿಯಾದರೆ ಹೆಮಿಸೆಲ್ಯುಲೋಸ್‌ನ ಸಕ್ಕರೆ ಫರ್ಫುರಾಲ್ ಎಂಬ, ಬ್ಯಾಕ್ಟೀರಿಯಾಗಳಿಗೆ ತೊಡಕಾಗುವ ರಾಸಾಯನಿಕವಾಗಿ ಮಾರ್ಪಡುತ್ತದೆ, ಅದರ ಒಂದಿಷ್ಟು ಭಾಗ ಲಿಗ್ನಿನ್‌ನಂತೆಯೇ ಕೊಳೆಯದ ಪದಾರ್ಥವಾಗಿ ನಾರಿಗೆ ಅಂಟಿಕೊಳ್ಳುತ್ತದೆ. 180 ಡಿಗ್ರಿಯಲ್ಲಿ 10 ನಿಮಿಷ ಒಳ್ಳೆಯದಾದರೆ 220ರಲ್ಲಿ 10 ನಿಮಿಷ ಇನ್ನೂ ಒಳ್ಳೆಯದು ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಕ್ಷಾರದ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇವೆ, ಏಕೆಂದರೆ ಅದು ಸುಲಭ, ಪರಿಣಾಮಕಾರಿ, ಅದರ ಪೆಟ್ಟು ಬೀಳುವುದು ಮಾತ್ರ ಸ್ಥಾವರದ ಹೊರಗೆ. ಕಾಸ್ಟಿಕ್ ಸೋಡಾ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ನಡುವಿನ ಎಸ್ಟರ್ ಬಂಧಗಳನ್ನು ಕಡಿಯುತ್ತದೆ, ನಾರು ನೀರು ಹೀರಿ ಉಬ್ಬುತ್ತದೆ. ಸಾಮಾನ್ಯ ಪ್ರಮಾಣ ಒಣತೂಕದ ಶೇ. 4ರಿಂದ 6. ನೂರು ಕಿಲೋ ಒಣಹುಲ್ಲಿಗೆ ಶೇ. 4ರಂತೆ ಮೂರೂವರೆ ಕಿಲೋ ಸೋಡಾವನ್ನು ನೂರು ಲೀಟರ್ ನೀರಿನಲ್ಲಿ ಕರಗಿಸಿ, ಕತ್ತರಿಸಿದ ಹುಲ್ಲಿನ ಮೇಲೆ ಸಿಂಪಡಿಸುತ್ತಾ ಮಗುಚಿ, ಒತ್ತಿ ತುಳಿದು, ಗಾಳಿಯಾಡದಂತೆ ತಾಡಪತ್ರಿ ಮುಚ್ಚಬೇಕು. ಬೆಚ್ಚಗಿದ್ದರೆ ಕೆಲವೇ ದಿನ ಸಾಕು. 20 ಡಿಗ್ರಿಯ ಹವೆಯಲ್ಲಿ ಮೂರು ವಾರದವರೆಗೂ ಇಡುತ್ತಾರೆ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು; ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ, ಸತು ಲೇಪಿಸಿದ ತಗಡು ಎರಡೂ ಬೇಡ; ಕ್ಷಾರ ಅವುಗಳನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸಂಸ್ಕರಿಸಿದ ಹುಲ್ಲನ್ನು ಟ್ಯಾಂಕಿಗೆ ಹಾಕುವ ಮುನ್ನ ಆಮ್ಲ ಸೇರಿಸುವ ಅಗತ್ಯವೂ ಇಲ್ಲ. ಹುಲ್ಲಿನ ಅಸಿಟೈಲ್ ಗುಂಪುಗಳೇ ಕ್ಷಾರದ ದೊಡ್ಡ ಪಾಲನ್ನು ಮುಗಿಸಿರುತ್ತವೆ, ಉಳಿದದ್ದನ್ನು ಟ್ಯಾಂಕಿನ ಇಂಗಾಲದ ಡೈಆಕ್ಸೈಡ್ ಬೈಕಾರ್ಬನೇಟ್ ಮಾಡಿಬಿಡುತ್ತದೆ. ಇದರಿಂದ ಇನ್ನೊಂದು ಭ್ರಮೆಯೂ ಹುಟ್ಟುತ್ತದೆ. ಡೈಆಕ್ಸೈಡ್ ಹೀರಿಹೋದ್ದರಿಂದ ಅನಿಲದಲ್ಲಿ ಮೀಥೇನಿನ ಶೇಕಡಾ ಪ್ರಮಾಣ ಏರುತ್ತದೆ. ಮೀಥೇನಿನ ಲೀಟರು ಅಷ್ಟಕ್ಕಷ್ಟೇ ಇರಬಹುದು.

ಈಗ ಸೋಡಿಯಂ ಎಲ್ಲಿಗೆ ಹೋಗುತ್ತದೆ ನೋಡಿ. ಶೇ. 6ರ ಪ್ರಮಾಣದಲ್ಲಿ ಪ್ರತಿ ಟನ್ ಒಣ ಪದಾರ್ಥಕ್ಕೆ 60 ಕಿಲೋ ಸೋಡಾ, ಅದರಲ್ಲಿ 34.5 ಕಿಲೋ ಸೋಡಿಯಂ. ಶೇ. 8 ಘನಾಂಶದ ಬಗ್ಗಡವಾಗಿ ಹಾಕಿದರೆ ಲೀಟರಿಗೆ 2.8 ಗ್ರಾಂ. ನೀರು ಉಳಿಸಲೆಂದು ಅರ್ಧ ದ್ರವವನ್ನು ಮರಳಿ ಬಳಸಿದರೆ ಅದು ಏರುತ್ತಾ ಹೋಗಿ 5.5 ಗ್ರಾಂ ಹತ್ತಿರ ನಿಲ್ಲುತ್ತದೆ. ಲೀಟರಿಗೆ 3.5ರಿಂದ 5.5 ಗ್ರಾಂ ಸೋಡಿಯಂ ಇದ್ದರೆ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಮಂಕಾಗುತ್ತವೆ, 8 ಗ್ರಾಂನಲ್ಲಿ ತೀವ್ರವಾಗಿ ಕುಸಿಯುತ್ತವೆ. ಪ್ರಯೋಗಾಲಯದ ಬಾಟಲಿಗೆ ಒಮ್ಮೆ ಮಾತ್ರ ಹುಲ್ಲು ಹಾಕುವುದರಿಂದ ಈ ಶೇಖರಣೆ ಅಲ್ಲಿ ಕಾಣುವುದೇ ಇಲ್ಲ. ದಿನಕ್ಕೆ 10 ಟನ್ ಒಣ ಪದಾರ್ಥ ನಡೆಸುವ ಸ್ಥಾವರದಿಂದ ವರ್ಷಕ್ಕೆ ಸುಮಾರು 126 ಟನ್ ಸೋಡಿಯಂ ಬಗ್ಗಡದ ಜೊತೆ ಹೊಲಗಳಿಗೆ ಹೋಗುತ್ತದೆ. ಜೇಡಿ ಮಣ್ಣಿನ ಕಣಗಳು ಸೋಡಿಯಂನಿಂದ ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗುವುದು ನಿಲ್ಲುತ್ತದೆ, ಒಣಗಿದಾಗ ಮೇಲ್ಮೈ ಹೆಪ್ಪುಗಟ್ಟುತ್ತದೆ. ಅದನ್ನು ಸರಿಪಡಿಸಲು ಜಿಪ್ಸಂ, ತೊಳೆದು ಬಸಿಯಲು ನೀರು, ಕೆಲವು ವರ್ಷಗಳು ಬೇಕು. ಈ ಖರ್ಚು ಯಾವ ಯೋಜನಾ ವರದಿಯಲ್ಲೂ ಸ್ಥಾವರದ ಲೆಕ್ಕಕ್ಕೆ ಬರುವುದಿಲ್ಲ, ರೈತನ ತಲೆಗೆ ಬರುತ್ತದೆ. ಬಗ್ಗಡವನ್ನು ಗೊಬ್ಬರವಾಗಿ ಹಂಚುವ ಸ್ಥಾವರದಲ್ಲಿ ಕಾಸ್ಟಿಕ್ ಸೋಡಾ ಬಳಕೆಗೆ ಅನುಮತಿ ಕೊಡಲೇಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬದಲಿಗಳಿವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತೂಕದಲ್ಲಿ 1.4 ಪಟ್ಟು ಬೇಕು, ದುಬಾರಿಯೂ ಹೌದು. ಆದರೆ ಪೊಟ್ಯಾಷ್ ಹೊಲಕ್ಕೆ ಬೇಕಾದ ಗೊಬ್ಬರವೇ. ಅರಳಿದ ಸುಣ್ಣ ಅಗ್ಗ. ನೀರಿನಲ್ಲಿ ಲೀಟರಿಗೆ ಎರಡು ಗ್ರಾಂ ಕೂಡ ಕರಗದ ಕಾರಣ ಅದರ ಕೆಲಸ ನಿಧಾನ, ಹುಲ್ಲಿಗೆ ಚೆನ್ನಾಗಿ ಬೆರೆಸಿ ಹೆಚ್ಚು ದಿನ ಇಡಬೇಕು, ಪ್ರಮಾಣವೂ ಶೇ. 8–10 ಬೇಕಾಗುತ್ತದೆ. ಅದು ಟ್ಯಾಂಕಿನಲ್ಲಿ ಸುಣ್ಣಕಲ್ಲಾಗಿ ಪೈಪು, ಪಂಪು, ಶಾಖವಿನಿಮಯ ಕೊಳವೆಗಳಿಗೆ ಕಚ್ಚಿಕೊಳ್ಳುತ್ತದೆ; ವಿನ್ಯಾಸದಲ್ಲೇ ಬಿಚ್ಚಿ ಕೆರೆಯಲು ಅನುಕೂಲ ಇಟ್ಟಿರಬೇಕು.

ಸಣ್ಣ, ಮಧ್ಯಮ ಸ್ಥಾವರಗಳಿಗೆ ನಾವು ಮೊದಲು ಸೂಚಿಸುವುದು ಯೂರಿಯಾ. ಮೇವಿಗಾಗಿ ಹುಲ್ಲಿಗೆ ಯೂರಿಯಾ ಉಪಚಾರ ಮಾಡುವುದು ಪಶುಪಾಲಕರಿಗೆ ಗೊತ್ತಿರುವ ವಿಧಾನ. ಅಲ್ಲಿ ನೂರು ಕಿಲೋ ಹುಲ್ಲಿಗೆ 4 ಕಿಲೋ ಬಳಸುತ್ತಾರೆ. ಅನಿಲಕ್ಕೆ ಅಷ್ಟು ಬೇಡ. ಹುಲ್ಲಿನ ಇಂಗಾಲ–ಸಾರಜನಕ ಅನುಪಾತ ಸುಮಾರು 70 ಇದ್ದರೆ, 2 ಕಿಲೋ ಯೂರಿಯಾ ಅದನ್ನು 25ಕ್ಕೆ ತರುತ್ತದೆ, ಬ್ಯಾಕ್ಟೀರಿಯಾಗಳಿಗೆ ಬೇಕಾದ 20–30ರ ನಡುವೆಯೇ. 4 ಕಿಲೋ ಹಾಕಿದರೆ 16ಕ್ಕೆ ಇಳಿದು ಅಮೋನಿಯಾ ಹೆಚ್ಚಾಗುತ್ತದೆ. 2 ಕಿಲೋವನ್ನು 40–50 ಲೀಟರ್ ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಬಿಗಿಯಾಗಿ ಮುಚ್ಚಿ, 30 ಡಿಗ್ರಿ ಹವೆಯಲ್ಲಿ ಎರಡು ಮೂರು ವಾರ ಇಡಬೇಕು. ಯೂರಿಯಾ ಒಡೆದು ಅಮೋನಿಯಾ ಆಗುವುದು ಹುಲ್ಲಿನ ಮೇಲಿನ ಸೂಕ್ಷ್ಮಜೀವಿಗಳ ಕಿಣ್ವದಿಂದ. ಚಳಿಯಲ್ಲಿ ಅದು ಬಹುತೇಕ ನಿಂತೇಹೋಗುತ್ತದೆ. ಕ್ಷಾರದಷ್ಟು ತೀಕ್ಷ್ಣವಲ್ಲದಿದ್ದರೂ, ಹಾಕಿದ ಸಾರಜನಕವೆಲ್ಲ ಬಗ್ಗಡದಲ್ಲಿ ಗೊಬ್ಬರವಾಗಿ ಉಳಿಯುತ್ತದೆ. ಮುಚ್ಚಿಗೆ ತೆರೆದು ಗಾಳಿಗೆ ಹರಡಿದರೆ ಮಾತ್ರ ಬಹಳಷ್ಟು ಹಾರಿಹೋಗುತ್ತದೆ, ತೆರೆದ ದಿನವೇ ಟ್ಯಾಂಕಿಗೆ ಹಾಕಬೇಕು. ಸಗಣಿ ಅಥವಾ ಕೋಳಿಗೊಬ್ಬರ ಜೊತೆಗಿದ್ದರೆ ಯೂರಿಯಾವನ್ನು ಇನ್ನೂ ಇಳಿಸಿ, ಟ್ಯಾಂಕಿನ ಒಟ್ಟು ಅಮೋನಿಯಾ ಸಾರಜನಕ ಲೀಟರಿಗೆ 3 ಗ್ರಾಂ ದಾಟದಂತೆ ನೋಡಿಕೊಳ್ಳಿ.

ಯೂರಿಯಾವನ್ನೂ ಕೊಳ್ಳುವುದು ಬೇಡವೆಂದರೆ ಟ್ಯಾಂಕಿನಿಂದಲೇ ಹೊರಬರುವ ಬೆಚ್ಚಗಿನ ದ್ರವದಲ್ಲಿ ಹುಲ್ಲನ್ನು ಮೂರರಿಂದ ಏಳು ದಿನ ನೆನೆಸಬಹುದು. ಅದರಲ್ಲಿ ಅಮೋನಿಯಾ, ಬೈಕಾರ್ಬನೇಟ್, ನಾರು ಒಡೆಯುವ ಬ್ಯಾಕ್ಟೀರಿಯಾ ಎಲ್ಲವೂ ಇವೆ. ನೆನೆಸುವ ತೊಟ್ಟಿಗೆ ಮುಚ್ಚಳ ಹಾಕಿ ಅನಿಲದ ಕೊಳವೆಗೆ ಜೋಡಿಸಲೇಬೇಕು. ತೆರೆದ ತೊಟ್ಟಿಯಲ್ಲಿ ಹೈಡ್ರೋಜನ್, ಮೀಥೇನ್ ಎರಡೂ ಗಾಳಿ ಪಾಲಾಗುತ್ತವೆ. ಇದು ಬೆಂಕಿಯ ಅಪಾಯ, ಇಳುವರಿಯ ನಷ್ಟ, ಹವಾಮಾನಕ್ಕೂ ಕೆಡುಕು.

ಗಂಧಕಾಮ್ಲದ ವಿಧಾನಗಳಿಗೆ ನಾವು ಒಲವು ತೋರುವುದಿಲ್ಲ. ಒಂದು ಕಿಲೋ ಗಂಧಕಾಮ್ಲದ ಸಲ್ಫೇಟನ್ನು ಟ್ಯಾಂಕಿನ ಸೂಕ್ಷ್ಮಜೀವಿಗಳು ಪೂರ್ತಿ ಸಲ್ಫೈಡ್ ಆಗಿ ಬದಲಿಸಿದರೆ ಸುಮಾರು 230 ಲೀಟರ್ ಮೀಥೇನ್ ಕೈತಪ್ಪುತ್ತದೆ, 350 ಗ್ರಾಂ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಎಂಜಿನ್ ತಿನ್ನುವ ಈ ಅನಿಲ ಮನುಷ್ಯರಿಗೂ ಮಾರಕ, ಹೆಚ್ಚು ಸಾಂದ್ರತೆಯಲ್ಲಿ ವಾಸನೆಯೇ ಗೊತ್ತಾಗದಂತೆ ಮೂಗನ್ನು ಮರಗಟ್ಟಿಸುತ್ತದೆ. ಮಾರುಕಟ್ಟೆಯ ಕಿಣ್ವಗಳನ್ನು ನೇರ ಟ್ಯಾಂಕಿಗೆ ಸುರಿಯುವುದೂ ಬೇಡ. ಅವೂ ಪ್ರೋಟೀನ್‌ಗಳೇ, ಅಲ್ಲಿನ ಬ್ಯಾಕ್ಟೀರಿಯಾಗಳು ಬೇಗ ಅವುಗಳನ್ನೇ ಕರಗಿಸಿಬಿಡುತ್ತವೆ.

ಹಸಿ ಬೆಳೆಗಳಿಗೆ, ಹಸಿ ಹುಲ್ಲಿಗೆ ಸರಿಯಾದ ಸಮಯದ ಕೊಯ್ಲೇ ಅರ್ಧ ಸಂಸ್ಕರಣೆ. ಬಲಿತಷ್ಟೂ ಲಿಗ್ನಿನ್ ಹೆಚ್ಚುತ್ತದೆ. ಘನಾಂಶ ಶೇ. 28–35 ಇರುವಾಗ ಕೊಯ್ದು, ಒಂದೆರಡು ಸೆಂಟಿಮೀಟರಿಗೆ ಕತ್ತರಿಸಿ, ಒಳಗಿನ ಗಾಳಿ ಹೊರಹೋಗುವಂತೆ ತುಳಿದು ಸೈಲೇಜ್ ಮಾಡಿದರೆ ವರ್ಷವಿಡೀ ಕಚ್ಚಾವಸ್ತು ಸಿಗುತ್ತದೆ. ಒಮ್ಮೆ ಪೂರ್ತಿ ಒಣಗಿಸಿದ ನಾರಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು, ಮತ್ತೆ ನೆನೆಸಿದರೂ ಮೊದಲಿನಂತೆ ತೆರೆಯುವುದಿಲ್ಲ.

ಯಾಂತ್ರಿಕ ಸಂಸ್ಕರಣೆಯಲ್ಲಿ ಎಲ್ಲರೂ ಕೇಳುವುದು ‘ಎಷ್ಟು ಮಿಲಿಮೀಟರ್’ ಎಂದು. ಒಂದು ಹುಲ್ಲಿನ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಮೇಣ ಮತ್ತು ಸಿಲಿಕಾದ ನುಣುಪು ಸಿಪ್ಪೆ, ಒಳಗೆ ಟೊಳ್ಳು, ಗೆಣ್ಣಿನಿಂದ ಗೆಣ್ಣಿಗೆ ಗಾಳಿ ತುಂಬಿದ ಮುಚ್ಚಿದ ಕೊಳವೆ. ಬ್ಯಾಕ್ಟೀರಿಯಾ ಹೊರಸಿಪ್ಪೆಯ ಮೂಲಕ ಹೋಗುವುದು ಕಷ್ಟ, ಅದು ನುಗ್ಗುವುದು ತುಂಡಾದ ತುದಿಗಳಿಂದ ಮತ್ತು ಮೆತ್ತಗಿನ ಒಳಮೈಯಿಂದ. ಗೆಣ್ಣು ಹಾಗೇ ಉಳಿದ ಉದ್ದ ತುಂಡು ತೇಲುತ್ತದೆ, ಹುಟ್ಟಿದ ಅನಿಲದ ಗುಳ್ಳೆಗಳನ್ನೂ ಹಿಡಿದುಕೊಂಡು ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಆ ಪದರದಲ್ಲಿರುವ ಹುಲ್ಲು ಲೆಕ್ಕದಲ್ಲಿ ಟ್ಯಾಂಕಿನೊಳಗಿದ್ದರೂ ಕೊಳೆಯುವುದಿಲ್ಲ. ಹೀಗಾಗಿ ಅಡ್ಡ ಕತ್ತರಿಸುವುದಕ್ಕಿಂತ ಉದ್ದಕ್ಕೆ ಸೀಳುವುದು, ಜಜ್ಜುವುದು ಹೆಚ್ಚು ಉಪಯುಕ್ತ. ಮೇವು ಕತ್ತರಿಸುವ ಯಂತ್ರದಲ್ಲಿ 20–30 ಮಿಲಿಮೀಟರಿಗೆ ಕತ್ತರಿಸಿ ರೋಲರುಗಳ ನಡುವೆ ಜಜ್ಜಿದ ಹುಲ್ಲನ್ನೂ, ಬರೀ ಕತ್ತರಿಸಿದ್ದನ್ನೂ ಎರಡು ಬಕೆಟ್ ಬಗ್ಗಡದಲ್ಲಿ ಹಾಕಿ ಮರುದಿನ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಯಂತ್ರ ಕೊಳ್ಳುವ ಮುನ್ನ ಈ ಬಕೆಟ್ ಪರೀಕ್ಷೆಯನ್ನಾದರೂ ಮಾಡಿಸಿ.

ಯಂತ್ರ ನಿಲ್ಲುವುದಕ್ಕೆ ಕಾರಣ ಹುಲ್ಲಿಗಿಂತ ಹುಲ್ಲಿನ ಜೊತೆ ಬರುವ ವಸ್ತುಗಳು. ಕಲ್ಲು, ತಂತಿ, ಮಣ್ಣಿನ ಹೆಂಟೆ ಬಂದೇ ಬರುತ್ತವೆ. ಮಿಲ್‌ಗೆ ಮುಂಚೆ ಕಲ್ಲು ಬೀಳುವ ಗುಂಡಿ ಮತ್ತು ಅಯಸ್ಕಾಂತ ಇರಲೇಬೇಕು. ಪಿಂಡಿಗೆ ಸುತ್ತಿದ ಪ್ಲಾಸ್ಟಿಕ್ ಬಲೆ, ಹುರಿ ಕಲಕುವ ದಂಡಕ್ಕೆ ಸುತ್ತಿಕೊಂಡರೆ ಟ್ಯಾಂಕು ತೆರೆಯದೆ ಬಿಡಿಸಲಾಗದು. ಸಿಲಿಕಾ ಇರುವ ಭತ್ತದ ಹುಲ್ಲು ಮಿಲ್ಲಿನ ಸುತ್ತಿಗೆಗಳನ್ನು, ಎಕ್ಸ್‌ಟ್ರೂಡರ್ (ಸ್ಕ್ರೂ ತಿರುಗಿಸಿ ಹುಲ್ಲನ್ನು ಒತ್ತಿ ಹಿಸುಕುವ ಯಂತ್ರ) ಸ್ಕ್ರೂಗಳನ್ನು ಸವೆಸುತ್ತದೆ. ಸವೆದ ಯಂತ್ರ ವಿದ್ಯುತ್ ಅಷ್ಟೇ ತಿಂದು ಒರಟು ಹುಲ್ಲು ಕೊಡುತ್ತದೆ. ಒಣಹುಲ್ಲಿನ ನುಣುಪು ಧೂಳು ಕಿಡಿಗೆ ಸ್ಫೋಟಿಸಬಲ್ಲದು.

ಇಷ್ಟೆಲ್ಲ ಹೇಳಿದ ಮೇಲೆ, ಅನೇಕ ಸ್ಥಾವರಗಳಲ್ಲಿ ಅನಿಲ ಕಡಿಮೆ ಬರಲು ಕಾರಣ ಲಿಗ್ನಿನ್ ಅಲ್ಲವೇ ಅಲ್ಲ ಎಂಬುದನ್ನೂ ಹೇಳಲೇಬೇಕು. ಹುಲ್ಲೊಂದನ್ನೇ ನಂಬಿದ ಟ್ಯಾಂಕಿನಲ್ಲಿ ಸಾರಜನಕ, ನಿಕಲ್, ಕೋಬಾಲ್ಟ್, ಮಾಲಿಬ್ಡಿನಂ, ಸೆಲೆನಿಯಂ ಕೊರತೆ ಇರುತ್ತದೆ. ಕಲಕುವಿಕೆ ಸಾಲದಿದ್ದರೆ ಟ್ಯಾಂಕಿನ ಒಂದು ಭಾಗ ಸತ್ತಂತೆಯೇ. ಇವನ್ನು ಸರಿಪಡಿಸದೆ ಪೂರ್ವ ಸಂಸ್ಕರಣೆ ತಂದರೆ ಕೆಡುಕೇ ಹೆಚ್ಚು: ಸಕ್ಕರೆ ಬೇಗ ಬಿಡುಗಡೆಯಾಗಿ ಆಮ್ಲ ಕೂಡುತ್ತದೆ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಅದನ್ನು ಮುಗಿಸಲಾರದೆ ಟ್ಯಾಂಕು ಹುಳಿಯುತ್ತದೆ. ಹೊಸ ಘಟಕ ಆರಂಭಿಸುವಾಗ ದಿನದ ಹೊರೆಯನ್ನು ವಾರಕ್ಕೆ ಪ್ರತಿ ಘನ ಮೀಟರಿಗೆ ಕಾಲು ಕಿಲೋ ಸಾವಯವ ಘನಾಂಶದಷ್ಟೇ ಏರಿಸುತ್ತಾ, ಟ್ಯಾಂಕಿನ ದ್ರವದ ಆಮ್ಲ–ಕ್ಷಾರ ಅನುಪಾತ (ಕೂಡಿದ ಆಮ್ಲಕ್ಕೂ ಅದನ್ನು ತಡೆಯುವ ಕ್ಷಾರಗುಣಕ್ಕೂ ಇರುವ ಅನುಪಾತ) 0.4 ದಾಟಿದರೆ ಅಲ್ಲೇ ನಿಲ್ಲಿಸಬೇಕು.

ಒಳ್ಳೆಯ ಆಲೋಚನೆಯೊಂದು ಅರ್ಜಿಗಳಲ್ಲಿ ಅಪರೂಪ. ಮೊದಲು ಹುಲ್ಲನ್ನು ಹಾಗೇ ಕೊಳೆಸಿ, ಹೊರಬಂದ ಬಗ್ಗಡದ ಗಟ್ಟಿ ಭಾಗವನ್ನು ಹಿಂಡಿ ತೆಗೆದು, ಅದಕ್ಕೆ ಮಾತ್ರ ಸಂಸ್ಕರಣೆ ಕೊಟ್ಟು ಮರಳಿ ಟ್ಯಾಂಕಿಗೆ ಹಾಕುವುದು. ಸುಲಭದ ಸಕ್ಕರೆ ಆಗಲೇ ಅನಿಲವಾಗಿರುವುದರಿಂದ ಅದು ಫರ್ಫುರಾಲ್ ಆಗುವ ಭಯವಿಲ್ಲ, ಶಾಖ ಮತ್ತು ರಾಸಾಯನಿಕ ಬೇಕಾಗುವುದು ಹಠಮಾರಿ ನಾರಿಗೆ ಮಾತ್ರ.

ಆದ್ದರಿಂದ ನಿಮ್ಮ ಷರತ್ತುಗಳಲ್ಲಿ ಇವನ್ನು ಸೇರಿಸಿ. ಇಳುವರಿಯನ್ನು ಒಳಬಂದ ಕಚ್ಚಾವಸ್ತುವಿನ ಟನ್ನಿಗೆ, ಪ್ರಮಾಣ ಸ್ಥಿತಿಯ ಒಣ ಮೀಥೇನ್ ಲೆಕ್ಕದಲ್ಲೇ ಕೊಡಬೇಕು. ಪರೀಕ್ಷೆಯ ದಿನವಹಿ ರೇಖೆ ಮತ್ತು ಸೆಲ್ಯುಲೋಸ್ ಫಲಿತಾಂಶ ಜೊತೆಗಿರಬೇಕು. ಸ್ಥಾವರದ ನಿಜವಾದ ವಾಸದ ಅವಧಿಯಲ್ಲಿ ಎಷ್ಟು ಲಾಭ ಎಂಬ ಲೆಕ್ಕ ಇರಬೇಕು. ಸಂಸ್ಕರಣಾ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್, ಶಾಖ ಮೀಟರ್ ಕೂರಿಸಬೇಕು. ಸೇರಿಸಿದ ಪ್ರತಿ ರಾಸಾಯನಿಕವೂ ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕಿಲೋ ಲೆಕ್ಕದಲ್ಲಿ ಬರೆಯಬೇಕು. ಬಗ್ಗಡದ ಸೋಡಿಯಂ ಮತ್ತು ಲವಣಾಂಶದ ಪರೀಕ್ಷಾ ವರದಿ ಅದನ್ನು ಪಡೆಯುವ ರೈತರ ಕೈಗೆ ಸಿಗಬೇಕು. ಸವೆಯುವ ಭಾಗಗಳು ಎಷ್ಟು ಗಂಟೆಗೆ ಬದಲಾಗುತ್ತವೆ ಎಂಬುದನ್ನು ತಯಾರಕರು ಲಿಖಿತವಾಗಿ ಕೊಡಬೇಕು. ಅನುದಾನದ ಕೊನೆಯ ಕಂತು ಘಟಕ ಚಾಲೂ ಆದ ದಿನಕ್ಕಲ್ಲ, ಸಂಸ್ಕರಣೆಯ ಖರ್ಚು ಕಳೆದು ಉಳಿದ ನಿವ್ವಳ ಶಕ್ತಿಯನ್ನು ಸತತ ಆರು ತಿಂಗಳು ಅಳೆದು ತೋರಿಸಿದ ಮೇಲೆ ಬಿಡುಗಡೆಯಾಗಲಿ. ಆ ಅಳತೆಗಳು ಸಾರ್ವಜನಿಕರಿಗೂ ಸಿಗಲಿ.

ಮುಂದಿನ ಟೆಂಡರ್ ಕರಡು ಸಿದ್ಧವಾಗುವಾಗಲೇ ಈ ಷರತ್ತುಗಳನ್ನು ಪರಿಶೀಲಿಸಿ, ಕರಡನ್ನು ಅಂತಿಮಗೊಳಿಸುವ ಮುನ್ನ ಸ್ಥಾವರ ನಡೆಸುವವರ ಮತ್ತು ಬಗ್ಗಡ ಪಡೆಯುವ ರೈತರ ಅಭಿಪ್ರಾಯ ಕೇಳಬೇಕೆಂದು ವಿನಂತಿಸುತ್ತೇವೆ.

ಇಂತಿ,
ಬಯೋಗ್ಯಾಸ್ ಸ್ಥಾವರಗಳ ವಿನ್ಯಾಸ, ಪರೀಕ್ಷೆ ಮತ್ತು ನಿರ್ವಹಣೆಯಲ್ಲಿ ತೊಡಗಿರುವವರು